ರೈತನ ಓಟು ಎಲ್ಲಿ ಹೋಗುತ್ತದೆ?

(ಶೆಟ್ಟಿಕೊಪ್ಪದಲ್ಲಿ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೆಲೆ ಮತ್ತು ಸಾಲ, ಈ ಎರಡು ಮಾತಿಲ್ಲದೆ ನಮ್ಮ ಸಭೆ ಮುಗಿಯುವುದಿಲ್ಲ. ಇವತ್ತು ನಾನು ಓಟಿನ ಬಗ್ಗೆ ಮಾತಾಡುತ್ತೇನೆ. ಚುನಾವಣೆ ಬಂತಾ ಅಂತ ನೀವು ಕೇಳಬಹುದು. ಚುನಾವಣೆ ಬಂದಾಗ ಈ ಮಾತು ಆಡಲಿಕ್ಕೆ ಆಗುವುದಿಲ್ಲ. ಆಗ ಯಾರಿಗೆ ಓಟು ಅನ್ನೋದೊಂದೇ ಮಾತು. ಹಾಕಿದ ಓಟನ್ನು ಹೇಗೆ ಎಣಿಸುತ್ತಾರೆ ಅಂತ ಯಾರೂ ಕೇಳುವುದಿಲ್ಲ. ನಮ್ಮ ಬೆಲೆಯ ಮಾತು ಕಳೆದುಹೋಗುವುದು ಆ ಎಣಿಕೆಯಲ್ಲೇ.

ಮೊದಲು ಬೆಲೆಗೂ ಲೋಕಸಭೆಗೂ ಏನು ಸಂಬಂಧ ನೋಡಿ. ಅಡಿಕೆ ಸುಲಿದು, ಬೇಯಿಸಿ, ಒಣಗಿಸುವವರು ನಾವು. ಅದರ ಬೆಲೆಗೆ ಕೈ ಹಾಕುವುದು ದೆಹಲಿ. 2022ರ ಸೆಪ್ಟೆಂಬರಿನಲ್ಲಿ ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ತರಲಿಕ್ಕೆ ಕೇಂದ್ರ ಅನುಮತಿ ಕೊಟ್ಟಿತು. 2023ರ ಫೆಬ್ರವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಒಂದು ನಮಗೆ ಆತಂಕ, ಇನ್ನೊಂದು ಅನುಕೂಲ. ಎರಡೂ ಆದದ್ದು ಒಂದೊಂದು ಅಧಿಸೂಚನೆಯಿಂದ. ಅನುಕೂಲಕ್ಕೆ ನಾವು ಮನವಿ ಕೊಟ್ಟು ಕೈ ಮುಗಿದೆವು. ಆತಂಕವನ್ನು ಪೇಪರಿನಲ್ಲಿ ಓದಿ ತಿಳಿದೆವು. ಸೊಸೈಟಿಯ ಸಾಲದ ಕಂತು ಮಾತ್ರ ಎರಡಕ್ಕೂ ಕಾಯುವುದಿಲ್ಲ. ತೋಟಕ್ಕೆ ಹಳದಿ ಎಲೆ ರೋಗ ಬಿದ್ದವನ ಪಾಡನ್ನು ಈ ಮೂರು ತಾಲ್ಲೂಕಿನವರಿಗೆ ನಾನು ಹೇಳಬೇಕಾಗಿಲ್ಲ. ಕೈ ಮುಗಿಯುವ ಬದಲು ಕೈ ಹಿಡಿದು ಕೇಳುವ ಜನ ಲೋಕಸಭೆಯಲ್ಲಿ ನಮಗೆ ಯಾಕಿಲ್ಲ?

ನಾವು ಓಟು ಹಾಕುವುದಿಲ್ಲವೇ? ಹಾಕುತ್ತೇವೆ. ಆದರೆ ನಮ್ಮ ದೇಶದ ಲೆಕ್ಕ ಹೀಗಿದೆ: ಒಂದು ಕ್ಷೇತ್ರದಲ್ಲಿ ಉಳಿದವರಿಗಿಂತ ಒಂದು ಓಟು ಹೆಚ್ಚು ತಂದವನು ಗೆದ್ದ. ಅರ್ಧ ದಾಟಬೇಕು ಅಂತ ಇಲ್ಲ. ಸೋತವರಿಗೆ ಬಿದ್ದ ಓಟಿಗೆ ಬೆಲೆಯೇ ಇಲ್ಲ.

ಇದನ್ನು ಮಂಡಿಯ ಲೆಕ್ಕದಲ್ಲಿ ನೋಡಿ. ನಾಲ್ಕು ಜನ ರೈತರು ಸೇರಿ ನೂರು ಮೂಟೆ ಅಡಿಕೆ ತಂದಿದ್ದಾರೆ. ಒಬ್ಬನದು 35 ಮೂಟೆ, ಇನ್ನೊಬ್ಬನದು 33, ಮತ್ತೊಬ್ಬನದು 20, ಕೊನೆಯವನದು 12. ಮಂಡಿಯವರು ನೂರು ಮೂಟೆಯ ದುಡ್ಡನ್ನೂ 35 ಮೂಟೆಯವನ ಕೈಗೆ ಕೊಟ್ಟು, ಉಳಿದ ಮೂವರಿಗೆ 'ಹೋಗಿ ಬನ್ನಿ, ಐದು ವರ್ಷ ಬಿಟ್ಟು ನೋಡೋಣ' ಅಂದರೆ ನೀವು ಸುಮ್ಮನೆ ಎದ್ದು ಬರ್ತೀರಾ? ಮಂಡಿಯಲ್ಲಿ ಒಪ್ಪದ ಲೆಕ್ಕವನ್ನು ಓಟಿನಲ್ಲಿ ಒಪ್ಪಿಕೊಂಡಿದ್ದೇವೆ.

ನಮ್ಮ ರಾಜ್ಯದ್ದೇ ಅಂಕಿ ಹೇಳುತ್ತೇನೆ. ಇಲ್ಲಿ ಲೋಕಸಭೆಗೆ 28 ಸ್ಥಾನ. 1989ರಲ್ಲಿ ಕಾಂಗ್ರೆಸ್ಸಿಗೆ ಬಿದ್ದದ್ದು ನೂರಕ್ಕೆ 49ರ ಹತ್ತಿರ ಓಟು, ಸಿಕ್ಕಿದ್ದು 27 ಸ್ಥಾನ. ನೂರಕ್ಕೆ 28ರಷ್ಟು ಓಟು ಪಡೆದ ಜನತಾದಳಕ್ಕೆ ಒಂದೇ ಒಂದು. 2004ರಲ್ಲಿ ಇನ್ನೂ ವಿಚಿತ್ರ. ಕಾಂಗ್ರೆಸ್ಸಿಗೆ ನೂರಕ್ಕೆ ಸುಮಾರು 37, ಬಿಜೆಪಿಗೆ ಸುಮಾರು 35. ಸ್ಥಾನ? ಕಡಿಮೆ ಓಟಿನ ಬಿಜೆಪಿಗೆ 18, ಹೆಚ್ಚು ಓಟಿನ ಕಾಂಗ್ರೆಸ್ಸಿಗೆ 8. ದೇಶದ ಮಟ್ಟದಲ್ಲಿ 2014ರಲ್ಲಿ ನೂರಕ್ಕೆ 31 ಓಟಿಗೆ ಬಿಜೆಪಿಗೆ 282 ಸ್ಥಾನ ಬಂತು, ಅಂದರೆ ಪೂರ್ಣ ಬಹುಮತ. ನಾನು ಯಾವ ಪಕ್ಷದ ಪರವೂ ಅಲ್ಲ, ವಿರೋಧವೂ ಅಲ್ಲ. ಈ ಲೆಕ್ಕ ಒಂದು ಸಲ ಅವರಿಗೆ ಲಾಭ, ಒಂದು ಸಲ ಇವರಿಗೆ ಲಾಭ. ಅದಕ್ಕೇ ಇಬ್ಬರೂ ಬದಲಾಯಿಸೋಣ ಅನ್ನುವುದಿಲ್ಲ.

ಯಾವಾಗಲೂ ನಷ್ಟ ಆಗುವುದು ಚದುರಿ ಬದುಕುವವರಿಗೆ. ರೈತ ಚದುರಿದ್ದಾನೆ. ಮಹಾರಾಷ್ಟ್ರದ ಹಾತಕಣಂಗಲೆಯಿಂದ ರಾಜು ಶೆಟ್ಟಿಯವರು 2009ರಲ್ಲೂ 2014ರಲ್ಲೂ ರೈತ ಚಳವಳಿಯ ಬಲದ ಮೇಲೆ ಲೋಕಸಭೆಗೆ ಹೋದರು. ಅಲ್ಲಿ ಕಬ್ಬಿನವರು ಒಂದೇ ಕಡೆ ಒತ್ತಾಗಿದ್ದಾರೆ. ನಮ್ಮಲ್ಲಿ? 1980ರಲ್ಲಿ ನರಗುಂದ, ನವಲಗುಂದದ ಗೋಲಿಬಾರ್ ಆದ ಮೇಲೆ ಚಳವಳಿ ರಾಜ್ಯವೆಲ್ಲ ಹಬ್ಬಿತು. 1989ರಲ್ಲಿ ಬಾಬಾಗೌಡ ಪಾಟೀಲರು, 1994ರಲ್ಲಿ ಮತ್ತು 2013ರಲ್ಲಿ ಪುಟ್ಟಣ್ಣಯ್ಯನವರು ವಿಧಾನಸಭೆಗೆ ಗೆದ್ದರು. ಲೋಕಸಭೆಗೆ ರೈತ ಸಂಘದ ಹೆಸರಿನಲ್ಲಿ ಒಬ್ಬರೂ ಹೋಗಲಿಲ್ಲ. ನಮ್ಮ ಉಡುಪಿ-ಚಿಕ್ಕಮಗಳೂರು ಕ್ಷೇತ್ರವನ್ನೇ ನೋಡಿ. ಕುಂದಾಪುರ, ಉಡುಪಿ, ಕಾಪು, ಕಾರ್ಕಳ ಆ ಕಡೆ. ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ ಈ ಕಡೆ. ಕಡೂರು ಹಾಸನಕ್ಕೆ ಸೇರಿತು. ಕಡಲ ಮೀನುಗಾರನ ಕಷ್ಟವೂ ಘಟ್ಟದ ಅಡಿಕೆಯವನ ಕಷ್ಟವೂ ಒಂದೇ ಗುಂಡಿ ಒತ್ತಿ ಹೇಳಬೇಕು.

ಆ ಒಂದು ಗುಂಡಿಯ ಮೇಲೆ ಎಷ್ಟು ಹೊರೆ! 1978ರ ನವೆಂಬರಿನಲ್ಲಿ ಚಿಕ್ಕಮಗಳೂರಿನ ಉಪಚುನಾವಣೆ. ಚಂದ್ರೇಗೌಡರು ಸ್ಥಾನ ಬಿಟ್ಟುಕೊಟ್ಟರು, ಇಂದಿರಾ ಗಾಂಧಿಯವರು ವೀರೇಂದ್ರ ಪಾಟೀಲರ ಎದುರು 77,333 ಓಟಿನಿಂದ ಗೆದ್ದರು. ದೇಶವೆಲ್ಲ ನಮ್ಮ ಕಡೆ ನೋಡಿತು. ಪ್ರಶ್ನೆ ಮಾತ್ರ ಒಂದೇ: ಆ ನಾಯಕಿ ಲೋಕಸಭೆಗೆ ಮರಳಬೇಕೋ ಬೇಡವೋ. ಡಿಸೆಂಬರಿನಲ್ಲಿ ಲೋಕಸಭೆ ಅವರ ಸದಸ್ಯತ್ವವನ್ನು ತೆಗೆದುಹಾಕಿತು. ಕಾಫಿಗೆ ಏನು, ಅಡಿಕೆಗೆ ಏನು ಅಂತ ಹೇಳಲಿಕ್ಕೆ ಅಂಥ ಓಟಿನಲ್ಲಿ ಜಾಗವೆಲ್ಲಿ? ಈಗಲೂ ಅಷ್ಟೇ. ಪ್ರಧಾನಿ ಯಾರು, ಪಕ್ಷ ಯಾವುದು, ಊರ ರಸ್ತೆ, ಬೆಲೆ, ಜಾತಿ ಎಲ್ಲ ಒಂದೇ ಗುಂಡಿಗೆ. ಗೆದ್ದವರಿಗೂ 1985ರ ಪಕ್ಷಾಂತರ ಕಾಯ್ದೆಯ ಮೂಗುದಾರ. ಪಕ್ಷ ವಿಪ್ ಕೊಟ್ಟ ಮೇಲೆ ನಮ್ಮ ಪರವಾಗಿ ಬೇರೆ ಕೈ ಎತ್ತಿದರೆ ಸ್ಥಾನಕ್ಕೇ ಸಂಚಕಾರ.

ಹಾಗಾದರೆ ರೈತರ ಅಭ್ಯರ್ಥಿಗೇ ಓಟು ಹಾಕೋಣ ಅಂದರೆ ನೀವೇ ಏನು ಹೇಳ್ತೀರಿ? 'ಮನುಷ್ಯ ಒಳ್ಳೆಯವನೇ, ಗೆಲ್ಲೋದಿಲ್ಲವಲ್ಲ, ಓಟು ಯಾಕೆ ಹಾಳು ಮಾಡೋದು?' ಈ ಭಯ ಸುಳ್ಳಲ್ಲ. 2023ರ ಮೇ ತಿಂಗಳಲ್ಲಿ ನಮ್ಮ ಶೃಂಗೇರಿ ವಿಧಾನಸಭಾ ಕ್ಷೇತ್ರದಲ್ಲಿ ಘೋಷಣೆಯಾದ ಅಂತರ 201 ಓಟು. ಮೊದಲಿಬ್ಬರಲ್ಲಿ ಯಾರಿಗೂ ಅರ್ಧ ಸಿಗಲಿಲ್ಲ. ಮೂರನೆಯವರಿಗೆ ಬಿದ್ದದ್ದು ಆ ಅಂತರದ ಹತ್ತಾರು ಪಟ್ಟು. ಆ ಮೂರನೆಯವರಿಗೆ ಹಾಕಿದವರನ್ನು 'ಇವರಿಬ್ಬರಲ್ಲಿ ನಿಮಗೆ ಯಾರಾಗಬಹುದು?' ಅಂತ ಯಾರೂ ಕೇಳಲಿಲ್ಲ. ಕೇಳುವ ಜಾಗವೇ ಯಂತ್ರದಲ್ಲಿ ಇಲ್ಲ.

ಕೇಳುವ ಪದ್ಧತಿ ಎಲ್ಲೋ ವಿಲಾಯತಿಯಲ್ಲಿದೆ ಅಂತ ತಿಳಿಯಬೇಡಿ. ನಿಮ್ಮ ಊರಿನ ಹೈಸ್ಕೂಲು ಮೇಷ್ಟ್ರನ್ನು ಕೇಳಿ. ವಿಧಾನ ಪರಿಷತ್ತಿನ ನೈರುತ್ಯ ಶಿಕ್ಷಕರ ಕ್ಷೇತ್ರಕ್ಕೆ ಅವರು ನೇರಳೆ ಪೆನ್ನು ಹಿಡಿದು ಹೆಸರುಗಳ ಮುಂದೆ 1, 2, 3 ಅಂತ ಬರೆಯುತ್ತಾರೆ. ಪದವೀಧರ ಕ್ಷೇತ್ರಕ್ಕೂ ಹಾಗೆಯೇ. ಗ್ರಾಮ ಪಂಚಾಯ್ತಿ ಸದಸ್ಯರೂ ಪರಿಷತ್ತಿಗೆ ಹಾಗೆಯೇ ಓಟು ಹಾಕುತ್ತಾರೆ. ಎಣಿಕೆಯಲ್ಲಿ ಮೊದಲ ಸುತ್ತಿಗೆ ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ, ಎಲ್ಲರಿಗಿಂತ ಕಡಿಮೆ ಬಂದವರನ್ನು ಕೈಬಿಟ್ಟು, ಅವರ ಓಟುಗಳನ್ನು ಎರಡನೇ ಆಯ್ಕೆಯವರಿಗೆ ಸೇರಿಸುತ್ತಾರೆ. ಓಟು ಹಾಳಾಗುವುದಿಲ್ಲ, ಮುಂದೆ ಹೋಗುತ್ತದೆ. ರೈತರ ಅಭ್ಯರ್ಥಿಗೆ 1 ಬರೆದು, ಗೆಲ್ಲುವ ಪಕ್ಷದವರಿಗೆ 2 ಬರೆಯಬಹುದು. ಆಗ ಆ 2 ಬೇಕಾದವರು ನಮ್ಮ ಬೆಲೆಯ ಮಾತಿಗೆ ಕಿವಿ ಕೊಡಲೇಬೇಕು. ಪರಿಷತ್ತಿಗೆ ಈ ಹಕ್ಕು ಉಂಟು, ಲೋಕಸಭೆಗೆ ಇಲ್ಲ. ಯಾಕೆ ಸ್ವಾಮಿ?

ಇದರಿಂದ ಎಲ್ಲ ಸರಿಹೋಗುವುದಿಲ್ಲ. ಒಂದು ಕ್ಷೇತ್ರಕ್ಕೆ ಒಬ್ಬನೇ ಅಂದಮೇಲೆ ಚದುರಿದವರಿಗೆ ಪಾಲು ಕಷ್ಟವೇ. ಜರ್ಮನಿಯಲ್ಲಿ ಇದಕ್ಕೆ ಎರಡು ಓಟು ಇಟ್ಟಿದ್ದಾರೆ: ಒಂದು ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ. ಪಕ್ಷದ ಓಟಿನ ಪ್ರಮಾಣದಂತೆ ಸ್ಥಾನದ ಪಾಲು. ನ್ಯೂಜಿಲೆಂಡಿನವರು ನಮ್ಮಂಥ ಪದ್ಧತಿಯಲ್ಲೇ ಇದ್ದವರು. 1993ರಲ್ಲಿ ಜನರನ್ನೇ ಕೇಳಿ, 1996ರಿಂದ ಎರಡು ಓಟಿಗೆ ಬಂದರು. ನಮ್ಮಲ್ಲೂ 1999ರಲ್ಲಿ ಕಾನೂನು ಆಯೋಗ ತನ್ನ 170ನೇ ವರದಿಯಲ್ಲಿ, ಇದ್ದ ಸ್ಥಾನಗಳ ಮೇಲೆ ಕಾಲುಭಾಗ ಹೆಚ್ಚಿಗೆ ಸೇರಿಸಿ, ಆ ಹೆಚ್ಚಿನದನ್ನು ಪಕ್ಷಗಳ ಓಟಿನ ಪ್ರಮಾಣದಂತೆ ತುಂಬಿ ಅಂತ ಹೇಳಿತು. ಹೇಳಿದ್ದು ಹೇಳಿದ ಹಾಗೇ ಉಳಿಯಿತು.

ಎದುರು ಮಾತೂ ಇದೆ, ಮರೆಮಾಚುವುದು ಬೇಡ. 1949ರ ಜನವರಿಯಲ್ಲಿ ಸಂವಿಧಾನ ಸಭೆಯಲ್ಲಿ ಈ ಪ್ರಶ್ನೆ ಬಂದಾಗ ಅಂಬೇಡ್ಕರ್ ಅವರು ಎರಡು ತೊಡಕು ತೋರಿಸಿದರು: ಅಂಕಿ ಗುರುತಿಸಲು ಜನರಿಗೆ ಅಕ್ಷರ ಬೇಕು; ಸಣ್ಣ ಸಣ್ಣ ಗುಂಪುಗಳಾದರೆ ಸರ್ಕಾರ ನಿಲ್ಲುವುದಿಲ್ಲ. ಆ ಕಾಲಕ್ಕೆ ಅದು ನ್ಯಾಯವಾದ ಮಾತು. 1951ರ ಜನಗಣತಿಯಲ್ಲಿ ಅಕ್ಷರ ಬಲ್ಲವರು ಐವರಲ್ಲಿ ಒಬ್ಬರೂ ಇರಲಿಲ್ಲ. ಇವತ್ತು ಮೊಬೈಲಿನಲ್ಲಿ ಅಡಿಕೆ ಧಾರಣೆ ನೋಡುವ ಕೈ 1, 2 ಬರೆಯಲಾರದೇ? ಇನ್ನು ಸರ್ಕಾರ ಬೀಳುವ ಮಾತು. ಅದು ಗಟ್ಟಿಯಾದ ಆಕ್ಷೇಪಣೆ. ಅದಕ್ಕೇ ಜರ್ಮನಿಯಲ್ಲಿ ನೂರಕ್ಕೆ 5 ಓಟಿನ ಗಡಿ ಹಾಕಿದ್ದಾರೆ. ಅದರ ಕೆಳಗಿನ ಪಕ್ಷಕ್ಕೆ ಸಾಮಾನ್ಯವಾಗಿ ಪಾಲಿಲ್ಲ. ಗಡಿ ಎಷ್ಟಿರಬೇಕು ಅನ್ನುವುದನ್ನು ಚರ್ಚೆ ಮಾಡೋಣ. ಚರ್ಚೆಯೇ ಬೇಡ ಅನ್ನುವುದು ಸರಿಯಲ್ಲ.

ಕೆಲವರು ಬಹಿಷ್ಕಾರ ಅನ್ನುತ್ತಾರೆ. ರಸ್ತೆ ಇಲ್ಲ, ಓಟಿಲ್ಲ ಅಂತ ಊರ ಬಾಗಿಲಿಗೆ ಬೋರ್ಡು ಹಾಕುತ್ತಾರೆ. ಅಧಿಕಾರಿಗಳು ಓಡಿ ಬರಬಹುದು, ಒಂದು ರಸ್ತೆಯೂ ಆಗಬಹುದು. ಎಣಿಕೆ ಬದಲಾಗುವುದಿಲ್ಲ. ನೋಟಾ ಒತ್ತಿದರೂ ಅಷ್ಟೇ. ನೋಟಾಕ್ಕೇ ಹೆಚ್ಚು ಬಿದ್ದರೂ ಅದರ ಕೆಳಗಿನವನು ಗೆದ್ದ ಹಾಗೇ. ಸಿಟ್ಟು ತೋರಿಸಬಹುದು, ಪಾಲು ಸಿಗುವುದಿಲ್ಲ.

ಆದ್ದರಿಂದ ನನ್ನ ಸಲಹೆ ಮೂರು. ಒಂದು, ಲೋಕಸಭೆಗೆ ಓಟು ಕೇಳಲು ಬಂದವರನ್ನು ಅಡಿಕೆ ಬೆಲೆಯ ಜೊತೆಗೆ ಇದನ್ನೂ ಕೇಳಿ: ಎರಡನೇ ಆಯ್ಕೆ ಬರೆಯುವ ಹಕ್ಕು ನಮಗೂ ಬೇಕು, ಓಟಿನ ಪ್ರಮಾಣದ ಸ್ಥಾನ ಬೇಕು, ನೀವು ಏನಂತೀರಿ? ಎರಡು, ಗ್ರಾಮಸಭೆಯಲ್ಲಿ ಈ ಬಗ್ಗೆ ನಿರ್ಣಯ ಮಾಡಿ ಸಂಸದರಿಗೂ ಚುನಾವಣಾ ಆಯೋಗಕ್ಕೂ ಕಳಿಸಿ. ಮೂರನೆಯದು ನಮ್ಮ ಕೈಯಲ್ಲೇ ಇದೆ. ನಮ್ಮ ಸಂಘದ ಗ್ರಾಮ ಘಟಕಕ್ಕೆ, ತಾಲ್ಲೂಕು ಘಟಕಕ್ಕೆ ಪದಾಧಿಕಾರಿಗಳನ್ನು ಆರಿಸುವಾಗ ಕೈ ಎತ್ತಿಸುವುದು ಬಿಟ್ಟು ಚೀಟಿಯ ಮೇಲೆ 1, 2, 3 ಬರೆಸಿ, ಎಲ್ಲರೆದುರು ಎಣಿಸಿ. ಒಂದು ಮಧ್ಯಾಹ್ನದ ಕೆಲಸ. ಹೆಂಗಸರೂ ಹುಡುಗರೂ ಕೂತು ನೋಡಲಿ, ಕಡಿಮೆ ಬಂದವನ ಓಟು ಹೇಗೆ ಮುಂದೆ ಹೋಗುತ್ತದೆ ಅಂತ. ಕಣ್ಣಾರೆ ಕಂಡದ್ದನ್ನು ಕೇಳಲಿಕ್ಕೆ ಯಾರೂ ಹೆದರುವುದಿಲ್ಲ.

ತೂಕದಲ್ಲಿ ಒಂದು ಕಿಲೋ ಕಡಿಮೆ ಬಂದರೆ ನಾವು ತಕ್ಕಡಿ ಪರೀಕ್ಷೆ ಮಾಡುತ್ತೇವೆ. ಓಟಿನ ತಕ್ಕಡಿಯನ್ನೂ ಒಂದು ಸಲ ಪರೀಕ್ಷೆ ಮಾಡೋಣ.