ಮಕ್ಕಳ ಬೊಜ್ಜು: ಇದೂ ಪರಿಸರದ ಪ್ರಶ್ನೆಯೇ
(ಉಪನ್ಯಾಸದ ಪಠ್ಯ)



ಕಾಡು, ನದಿ, ಗಣಿಗಾರಿಕೆಗಳ ಕುರಿತು ಚಿಂತಿಸುವ ಮಲೆನಾಡಿನ ಈ ಬಳಗದ ಮುಂದೆ ಬಯಲುಸೀಮೆಯ ಕಲಬುರಗಿಯ ಮಕ್ಕಳ ಬೊಜ್ಜಿನ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಉಣ್ಣುವ ಆಹಾರ, ನಡೆಯುವ ದಾರಿ, ಆಡುವ ಬಯಲು, ಇವೇ ಮಗುವಿನ ಮೊದಲ ಪರಿಸರ. ಇವು ಕೆಟ್ಟರೆ ಅದರ ಗುರುತು ಮಗುವಿನ ಮೈಮೇಲೆಯೇ ಮೂಡುತ್ತದೆ.

ಕಲಬುರಗಿ ಎಂದೊಡನೆ ನೆನಪಾಗುವುದು ಬರಗಾಲ, ಅಪೌಷ್ಟಿಕತೆ. ಅದು ನಿಜವೂ ಹೌದು. ಅದನ್ನು ನೀಗಲೆಂದೇ 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡುವುದು ಆರಂಭವಾಯಿತು. ಹಾಗಾದರೆ ಬೊಜ್ಜು ಸಿರಿವಂತರ ಮನೆಯ ರೋಗವೇ? ಅಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಅತಿತೂಕದವರ ಪ್ರಮಾಣ 2015-16ರಲ್ಲಿ ಶೇ. 2.1ರಷ್ಟಿದ್ದುದು 2019-21ರ ವೇಳೆಗೆ ಶೇ. 3.4ಕ್ಕೆ ಏರಿತು. 2025ರ ಯುನಿಸೆಫ್ ವರದಿಯಂತೆ, ಜಗತ್ತಿನ 5ರಿಂದ 19 ವರ್ಷದವರಲ್ಲಿ ಬೊಜ್ಜುಳ್ಳವರ ಪ್ರಮಾಣ ಮೊದಲ ಬಾರಿಗೆ ಕಡಿಮೆ ತೂಕದವರ ಪ್ರಮಾಣವನ್ನು ಮೀರಿತು.

ಹಸಿವಿಗೂ ಬೊಜ್ಜಿಗೂ ಒಳನಂಟಿದೆ. ಭಾರತದ ಶಿಶು ತೂಕದಲ್ಲಿ ಕಡಿಮೆಯಿದ್ದರೂ ಅದರ ಮೈಯಲ್ಲಿ ಸ್ನಾಯುವಿಗಿಂತ ಕೊಬ್ಬಿನ ಪಾಲು ಹೆಚ್ಚಿರುವುದನ್ನು ಪುಣೆಯ ಸಂಶೋಧಕರು ತೋರಿಸಿಕೊಟ್ಟರು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಆರಂಭವಾದ ಅಧ್ಯಯನವು, ಗರ್ಭಿಣಿಯಾಗಿದ್ದಾಗ ಮಧುಮೇಹ ತಗುಲಿದ ತಾಯಂದಿರ ಮಕ್ಕಳಲ್ಲಿ, ವಿಶೇಷವಾಗಿ ಹೆಣ್ಣುಮಕ್ಕಳಲ್ಲಿ, ಕೊಬ್ಬು ಹೆಚ್ಚಿರುವುದನ್ನು ಕಂಡಿತು. ಅರೆಹೊಟ್ಟೆಯ ಬಸಿರಿನಿಂದ ಬಂದ ಮಗುವಿಗೆ ಮುಂದೆ ಸಕ್ಕರೆ, ಎಣ್ಣೆಯ ತಿನಿಸುಗಳೇ ಅಗ್ಗವಾಗಿ ದೊರೆತರೆ ಅದರ ಪಾಡು ಏನಾದೀತು? ಎರಡನೇ ಬಗೆಯ ಮಧುಮೇಹ, ರಕ್ತದೊತ್ತಡ, ಯಕೃತ್ತಿನಲ್ಲಿ ಕೊಬ್ಬು, ಮೊಣಕಾಲು ನೋವು, ನಿದ್ದೆಯಲ್ಲಿ ಉಸಿರಿನ ತೊಂದರೆ, ಹೀಗೆ ನಡುವಯಸ್ಸಿನ ರೋಗಗಳು ಎಳವೆಯಲ್ಲೇ ಹೆಗಲೇರುತ್ತವೆ.

ಈಗ ಕಲಬುರಗಿಯಿಂದ ಹುಮನಾಬಾದ್ ದಾರಿಯಲ್ಲಿರುವ ಕಮಲಾಪುರವನ್ನು ನೋಡಿ. ಅಲ್ಲಿನ ಕೆಂಪು ಬಾಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ. ಕಲಬುರಗಿಯ ತೊಗರಿಬೇಳೆಗೂ 2019ರಲ್ಲಿ ಆ ಮಾನ್ಯತೆ ದೊರೆಯಿತು. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿಗಳ ಊಟ ಈ ನೆಲದ್ದೇ. ಇಷ್ಟು ಸಂಪತ್ತಿನ ನಡುವೆ ಶಾಲೆಯ ಎದುರಿನ ಅಂಗಡಿಯಲ್ಲಿ ಮಾಲೆಮಾಲೆಯಾಗಿ ತೂಗುವುದು ಐದು ರೂಪಾಯಿಯ ಚಿಪ್ಸ್ ಪೊಟ್ಟಣ. 300 ಮಿ.ಲೀ. ಕೋಲಾದಲ್ಲಿ ಸುಮಾರು 30 ಗ್ರಾಂ ಸಕ್ಕರೆಯಿರುತ್ತದೆ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯು ಇಡೀ ದಿನಕ್ಕೆ ಹೇಳಿದ ಮಿತಿಯೇ 25 ಗ್ರಾಂ. ಕೆಂಪು ಬಾಳೆಯೋ ಬೆಳೆಯಲು ಹೆಚ್ಚು ಕಾಲ ಬೇಡುತ್ತದೆ, ಬೆಲೆಯೂ ಹೆಚ್ಚು. ಹಾಗಾಗಿ ನೆರೆಯ ಹೊಲದ ಹಣ್ಣು ಮಗುವಿಗೆ ದೂರ, ದೂರದ ಕಾರ್ಖಾನೆಯ ಪೊಟ್ಟಣ ಹತ್ತಿರ. ತಿಂದೆಸೆದ ಆ ಪೊಟ್ಟಣ ಚರಂಡಿ ಕಟ್ಟುವುದು ಇದೇ ಕಥೆಯ ಮುಂದುವರಿಕೆ.

ಇನ್ನು ಆಟ. ಮಗು ದಿನಕ್ಕೆ ಕನಿಷ್ಠ 60 ನಿಮಿಷ ಮೈ ದಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ನೆರಳಿಲ್ಲದೆ ಮಗು ಎಲ್ಲಿ ಆಡಬೇಕು? ರಸ್ತೆಬದಿಯ ಒಂದು ಬೇವಿನ ಮರ ಉರುಳಿದರೆ ಶಾಲೆಗೆ ನಡೆದು ಹೋಗುವ ದಾರಿಯೂ ಅಷ್ಟರಮಟ್ಟಿಗೆ ಮುಚ್ಚಿತೆಂದೇ ಅರ್ಥ.

ಆದ್ದರಿಂದ ದಪ್ಪಗಿರುವ ಮಗುವನ್ನು ಹಂಗಿಸುವುದನ್ನು ಮೊದಲು ನಿಲ್ಲಿಸೋಣ. ಶಾಲೆಯ ಗೇಟಿನಿಂದ 50 ಮೀಟರ್‌ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸು ಮಾರುವಂತಿಲ್ಲವೆಂದು 2020ರ ಆಹಾರ ಸುರಕ್ಷತಾ ನಿಯಮವಿದೆ. ಶಾಲಾಭಿವೃದ್ಧಿ ಸಮಿತಿಗಳು ಅದನ್ನು ಕೈಗೆತ್ತಿಕೊಳ್ಳಲಿ. ಬಿಸಿಯೂಟದ ಬಾಳೆಹಣ್ಣನ್ನು ಸಾಧ್ಯವಾದಷ್ಟು ಹತ್ತಿರದ ರೈತರಿಂದಲೇ ಕೊಳ್ಳುವಂತೆ ಗ್ರಾಮಸಭೆಗಳು ಒತ್ತಾಯಿಸಲಿ. ಪ್ರತಿ ಶಾಲೆಯ ಅಂಗಳಕ್ಕೆ, ಅಲ್ಲಿಗೆ ಹೋಗುವ ದಾರಿಗೆ ಮರಗಳ ನೆರಳಿರಲಿ. ಮಲೆನಾಡಿನ ಶಾಲೆಗಳ ಎದುರೂ ಅದೇ ಪೊಟ್ಟಣಗಳು ತೂಗುತ್ತಿವೆ. ಈ ಕೆಲಸ ನಿಮ್ಮದೂ ಹೌದು.