ಅಸ್ವಸ್ಥ ಮಗುವಿಗೆ ತಕ್ಕ ಚಿಕಿತ್ಸಾ ಸ್ಥಳದ ಆಯ್ಕೆ: ಗ್ರಾಮ ಪಂಚಾಯಿತಿ ಸದಸ್ಯರ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ರಾತ್ರಿ ವೇಳೆ ಮಗುವಿನ ಕಾಯಿಲೆ ಉಲ್ಬಣಿಸಿದಾಗ ಮನೆಯವರು ಮೊದಲು ತಟ್ಟುವ ಬಾಗಿಲು ಅನೇಕ ಊರುಗಳಲ್ಲಿ ಪಂಚಾಯಿತಿ ಸದಸ್ಯರದ್ದೇ ಆಗಿರುತ್ತದೆ. ಮಗುವನ್ನು ಎಲ್ಲಿಗೆ ಕರೆದೊಯ್ಯಬೇಕು ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ದೊರೆಯಬೇಕು. ಸಾಮಾನ್ಯ ನೆಗಡಿಗೆ ಜಿಲ್ಲಾ ಆಸ್ಪತ್ರೆಯವರೆಗೆ ಹೋದ ಕುಟುಂಬವು ಕೂಲಿಯನ್ನೂ ಹಣವನ್ನೂ ಕಳೆದುಕೊಳ್ಳುತ್ತದೆ. ನ್ಯುಮೋನಿಯಾ ತಗುಲಿದ ಮಗುವಿಗೆ ಊರಿನಲ್ಲೇ ಇಂಜೆಕ್ಷನ್ ಹಾಕಿಸಿ ಎರಡು ದಿನ ಕಾದ ಕುಟುಂಬವು ಮಗುವನ್ನೇ ಕಳೆದುಕೊಳ್ಳಬಹುದು. ಆದುದರಿಂದ ಚಿಕಿತ್ಸೆಯ ಸ್ಥಳವನ್ನು ನಿರ್ಧರಿಸಬೇಕಾದುದು ಮಗುವಿನಲ್ಲಿ ಕಾಣುವ ಲಕ್ಷಣಗಳೇ ಹೊರತು ಆಸ್ಪತ್ರೆಯ ದೂರವಾಗಲಿ, ಹೆಸರಾಗಲಿ ಅಲ್ಲ.

ಮನೆಯ ಆರೈಕೆ: 2 ತಿಂಗಳು ತುಂಬಿದ ಮಗು ಹಾಲು ಕುಡಿಯುತ್ತ, ಆಡುತ್ತ, ಸಹಜವಾಗಿ ಉಸಿರಾಡುತ್ತಿದ್ದರೆ ನೆಗಡಿ, ಕೆಮ್ಮಿಗೆ ಮನೆಯ ಆರೈಕೆ ಸಾಕು. ಭೇದಿಯಾದರೆ 1 ಲೀಟರ್ ಶುದ್ಧ ನೀರಿನಲ್ಲಿ ಓಆರ್‌ಎಸ್‌ನ ಒಂದು ದೊಡ್ಡ ಪೊಟ್ಟಣವನ್ನು ಪೂರ್ತಿ ಕರಗಿಸಿ ಪದೇ ಪದೇ ಕುಡಿಸಬೇಕು; ಜಿಂಕ್ ಮಾತ್ರೆಯನ್ನು 14 ದಿನ ನೀಡಬೇಕು. ಇವೆರಡನ್ನೂ ಆಶಾ ಕಾರ್ಯಕರ್ತೆಯರಲ್ಲಿ ಕೇಳಿ ಪಡೆಯಬಹುದು. ಎದೆಹಾಲನ್ನಾಗಲಿ ಆಹಾರವನ್ನಾಗಲಿ ನಿಲ್ಲಿಸಬಾರದು.

ಪ್ರಾಥಮಿಕ ಆರೋಗ್ಯ ಕೇಂದ್ರ: ಮಗು ಶಾಂತವಾಗಿರುವಾಗ ಪೂರ್ತಿ ಒಂದು ನಿಮಿಷ ಉಸಿರನ್ನು ಎಣಿಸಬೇಕು. 2ರಿಂದ 12 ತಿಂಗಳ ಮಗುವಿನಲ್ಲಿ 50 ಅಥವಾ ಹೆಚ್ಚು, 1ರಿಂದ 5 ವರ್ಷದ ಮಗುವಿನಲ್ಲಿ 40 ಅಥವಾ ಹೆಚ್ಚು ಇದ್ದರೆ ಅದು ನ್ಯುಮೋನಿಯಾದ ಸೂಚನೆ. ಅಂತಹ ಮಗುವನ್ನು ಅದೇ ದಿನ ವೈದ್ಯರಿಗೆ ತೋರಿಸಬೇಕು. ಜ್ವರ ಬಿಡದಿದ್ದರೂ, ಮಲದಲ್ಲಿ ರಕ್ತ ಕಂಡರೂ, ಕಿವಿ ಸೋರಿದರೂ ಇದೇ ಕ್ರಮ ಅನ್ವಯಿಸುತ್ತದೆ.

ನೇರವಾಗಿ ಆಸ್ಪತ್ರೆ: ಮಗು ಏನನ್ನೂ ಕುಡಿಯದಿರುವುದು, ಕುಡಿದುದನ್ನೆಲ್ಲ ವಾಂತಿ ಮಾಡುವುದು, ಫಿಟ್ಸ್ ಬರುವುದು, ಎಚ್ಚರ ತಪ್ಪುವುದು ಅಥವಾ ತೀರಾ ಮಂಕಾಗುವುದು, ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಸೇದುವುದು — ಇವುಗಳಲ್ಲಿ ಒಂದು ಕಂಡರೂ ವಿಳಂಬ ಸಲ್ಲದು. 2 ತಿಂಗಳೊಳಗಿನ ಶಿಶುವು ಹಾಲು ಬಿಟ್ಟರೆ, ಮೈ ಬಿಸಿಯಾದರೆ ಅಥವಾ ತಣ್ಣಗಾದರೆ, ಚಲನೆ ಕಡಿಮೆಯಾದರೆ, ಉಸಿರು ನಿಮಿಷಕ್ಕೆ 60 ಅಥವಾ ಹೆಚ್ಚಾದರೆ ಅದೂ ತುರ್ತು ಸ್ಥಿತಿಯೇ. ಕೂಡಲೇ 108ಕ್ಕೆ ಕರೆ ಮಾಡಿ ಮಕ್ಕಳ ತಜ್ಞರಿರುವ ಆಸ್ಪತ್ರೆಗೆ ಕರೆದೊಯ್ಯಬೇಕು. ನವಜಾತ ಶಿಶುಗಳ ವಿಶೇಷ ಆರೈಕೆ ಘಟಕವು ಜಿಲ್ಲಾ ಆಸ್ಪತ್ರೆಯಲ್ಲಿದೆ. ದಾರಿಯಲ್ಲಿ ಶಿಶುವನ್ನು ತಾಯಿಯ ಎದೆಗೆ ಒತ್ತಿ ಬೆಚ್ಚಗಿಡಬೇಕು. ಎಚ್ಚರವಿಲ್ಲದ ಮಗುವಿನ ಬಾಯಿಗೆ ಏನನ್ನೂ ಹಾಕಬಾರದು. 1 ವರ್ಷದೊಳಗಿನ ಅಸ್ವಸ್ಥ ಶಿಶುಗಳಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ, ಪರೀಕ್ಷೆ ಮತ್ತು ಸಾರಿಗೆ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ ಎಂಬುದನ್ನು ಬಡ ಕುಟುಂಬಗಳಿಗೆ ತಿಳಿಸಬೇಕು.

ಸದಸ್ಯರು ವೈದ್ಯರಾಗಬೇಕಾಗಿಲ್ಲ, ಪೂರ್ವಸಿದ್ಧತೆ ಮಾಡಿದರೆ ಸಾಕು. ತಾಲೂಕು ಆಸ್ಪತ್ರೆಯಲ್ಲಿ ಮಕ್ಕಳ ತಜ್ಞರು ಲಭ್ಯವಿರುವರೇ, ರಾತ್ರಿ ತೆರೆದಿರುವ ಸಮೀಪದ ಕೇಂದ್ರ ಯಾವುದು ಎಂಬುದನ್ನು ಮೊದಲೇ ವಿಚಾರಿಸಿ, ಮೇಲಿನ ಅಪಾಯ ಲಕ್ಷಣಗಳೊಂದಿಗೆ ಅಂಗನವಾಡಿ ಮತ್ತು ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಬರೆಸತಕ್ಕದ್ದು. ಆಂಬುಲೆನ್ಸ್ ಬರಲಾಗದ ದಾರಿಗಳನ್ನು ಗುರುತಿಸಿ, ಬದಲಿ ವಾಹನದ ಮಾಲೀಕರೊಂದಿಗೆ ಮೊದಲೇ ಮಾತನಾಡಿರತಕ್ಕದ್ದು. ಆ ವೆಚ್ಚಕ್ಕೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮುಕ್ತ ನಿಧಿಯನ್ನು ನಿಯಮಾನುಸಾರ ಬಳಸುವ ಬಗ್ಗೆ ಸಮಿತಿಯಲ್ಲಿ ನಿರ್ಣಯಿಸತಕ್ಕದ್ದು. ಕೇಂದ್ರದಲ್ಲಿ ಔಷಧಿಯ ಅಥವಾ ಸಿಬ್ಬಂದಿಯ ಕೊರತೆಯಿದ್ದರೆ ಗ್ರಾಮಸಭೆಯಲ್ಲಿ ದಾಖಲಿಸತಕ್ಕದ್ದು.

ಮಗುವಿಗೆ ಮುಳುವಾಗುವ ಮಾತು "ಬೆಳಗಾಗಲಿ, ನೋಡೋಣ" ಎಂಬುದು. ಹಣದ ಚಿಂತೆಯಿಂದಲೋ ದೂರದ ಅಂಜಿಕೆಯಿಂದಲೋ ಹಿರಿಯರು ಆ ಮಾತನ್ನು ಆಡುತ್ತಾರೆ. ಅಂತಹ ವೇಳೆ ಊರಿನವರು ನಂಬುವ ಸದಸ್ಯರು ಬಾಗಿಲಲ್ಲಿ ನಿಂತು "ಈಗಲೇ ಹೊರಡಿ, ವಾಹನ ಬಂದಿದೆ" ಎಂದು ಹೇಳುವಂತಾದರೆ ಒಂದು ಮಗು ಉಳಿದೀತು.