‘ಕ’ ಅಕ್ಷರ ನಡೆದು ಬಂದ ದಾರಿ

ರಾಯದುರ್ಗದ ಸಭಿಕರಿಗೆ ಮೊಳಕಾಲ್ಮೂರು ದೂರವೇನಲ್ಲ. ಪಡುವಣಕ್ಕೆ ಗಡಿ ದಾಟಿದರೆ ಅದೇ ತಾಲ್ಲೂಕು. ಅಲ್ಲಿನ ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲಿನ ಅಶೋಕನ ಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಅದರಲ್ಲಿ ‘ಕ’ ಎಂದರೆ ಒಂದು ನೆಟ್ಟಗೆರೆ, ಅದನ್ನು ಹಾಯುವ ಒಂದು ಅಡ್ಡಗೆರೆ. ಲೆಕ್ಕದ ಕೂಡುವ ಗುರುತೇ ಸರಿ. ಬರೆದವನು ಚಪಡ. ‘ಲಿಪಿಕಾರ’ ಎಂಬ ಮಾತೊಂದನ್ನು ಮಾತ್ರ ಅವನು ವಾಯವ್ಯ ಭಾರತದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದ. ಎಲ್ಲಿಯ ಲಿಪಿ, ಎಲ್ಲಿಯ ಬಂಡೆ!

ಇದೇ ಆಕೃತಿ ಚೀನಾದಲ್ಲಿ ಬೇರೆ ಬಾಳನ್ನೇ ಬಾಳಿತು. ಆನ್ಯಾಂಗ್‌ನಲ್ಲಿ ಸಿಕ್ಕ ಸುಮಾರು 3,200 ವರ್ಷ ಹಳೆಯ ಶಕುನದ ಮೂಳೆಗಳ ಮೇಲೆ ಈ ಕೂಡುಗುರುತು ‘ಏಳು’ ಎಂಬ ಸಂಖ್ಯೆ. ಹತ್ತಕ್ಕೆ ಬರೀ ನೆಟ್ಟಗೆರೆ. ಕಂಚಿನ ಪಾತ್ರೆಗಳ ಬರಹದಲ್ಲಿ ಆ ಗೆರೆಯ ನಡುವೆ ಚುಕ್ಕೆ ಮೂಡಿತು. ಚುಕ್ಕೆ ಚಾಚಿ ಅಡ್ಡಗೆರೆಯಾಯಿತು. ಏಳು, ಹತ್ತು ಎರಡೂ ಒಂದೇ ಥರ ಕಾಣತೊಡಗಿದಾಗ ಏಳರ ಕಾಲನ್ನು ಬಾಗಿಸಿದರು. ಚೀನೀಯರ ಏಳು ಇಂದಿಗೂ ಬಲಕ್ಕೆ ಬಾಗಿಯೇ ಇದೆ.

ಕನ್ನಡದ ‘ಕ’ವೂ ಬಾಗಿತು, ಆದರೆ ಎಡಕ್ಕೆ.

ಕದಂಬರ ಕಾಲಕ್ಕಾಗಲೇ ನೆಟ್ಟಗೆರೆ ಉದ್ದವಾಗಿ, ಅದರ ತುದಿ ಎಡಕ್ಕೆ ಹೊರಳಿ ಮೇಲೇರತೊಡಗಿತ್ತು. ನೆತ್ತಿಗೆ ಪುಟ್ಟ ತಲೆಕಟ್ಟು ಬಂದಿತ್ತು. ತಾಳೆಗರಿಯ ಮೇಲೆ ಕಂಟದಿಂದ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ, ಅದಕ್ಕೇ ಅಕ್ಷರಗಳು ದುಂಡಗಾದವು ಎಂದು ಲಿಪಿತಜ್ಞರು ವಿವರಿಸುವುದುಂಟು. ಗರಿಯ ಆ ದುಂಡು ಕಲ್ಲಿಗೂ ಇಳಿಯಿತು.

ಅದನ್ನು ಕಾಣಲು ಮಡಕಶಿರಾ ಸೀಮೆಯ ಹೇಮಾವತಿಗಿಂತ ಒಳ್ಳೆಯ ಜಾಗ ಬೇಕಿಲ್ಲ. ಅದು ನೊಳಂಬರ ರಾಜಧಾನಿ ಹೆಂಜೇರು. ಅಲ್ಲಿನ ಹಳಗನ್ನಡ ಶಾಸನಗಳ ಕಾಲಕ್ಕೆ ಕನ್ನಡ, ತೆಲುಗು ಲಿಪಿಗಳು ಇನ್ನೂ ಕವಲೊಡೆದಿರಲಿಲ್ಲ. ಹೆಚ್ಚುಕಡಿಮೆ 13ನೇ ಶತಮಾನದಿಂದೀಚೆಗೆ ಎರಡೂ ದೂರವಾಗುತ್ತ ಬಂದವು; 19ನೇ ಶತಮಾನದ ಅಚ್ಚುಮೊಳೆಗಳು ಆ ಅಂತರವನ್ನು ಖಾಯಂ ಮಾಡಿದವು. ಇಂದು ತೆಲುಗಿನ ‘ಕ’ಕ್ಕೆ ಮೇಷ್ಟ್ರು ಹಾಕುವ ಸರಿ ಗುರುತಿನಂಥ ತಲೆಕಟ್ಟು, ಕನ್ನಡದ್ದಕ್ಕೆ ಮಲಗಿದ ತಲೆಕಟ್ಟು. ಕೆಳಗಿನ ಒಡಲು ಅಣ್ಣತಮ್ಮಂದಿರದು.

ರಾಜ್ಯದ ಗಡಿಯಂತೂ ನಿನ್ನೆ ಮೊನ್ನೆಯದು. ಬಳ್ಳಾರಿ ಜಿಲ್ಲೆಯ ರಾಯದುರ್ಗ, ಆಲೂರು, ಆದವಾನಿ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಈ ಭಾಗದ ಕನ್ನಡ ಮಾಧ್ಯಮದ ಮಕ್ಕಳು ಎರಡೂ ಲಿಪಿಗಳನ್ನು ಬಲ್ಲವರು. ಹೇಮಾವತಿಯ ಒಂದು ಶಾಸನದ ಪಡಿಯಚ್ಚನ್ನಾದರೂ ಅವರ ತರಗತಿಯಲ್ಲಿ ಹರಡಿ, ಇವತ್ತಿನ ಎರಡು ‘ಕ’ಗಳನ್ನು ಅದರ ಪಕ್ಕದಲ್ಲಿ ಬರೆಸಬೇಕು. ಅದಕ್ಕೆ ಹೊಸ ಪಠ್ಯಪುಸ್ತಕವೇನೂ ಬೇಕಾಗಿಲ್ಲ.